ಮೂರನೇ ಕೂಗಿಗೆ ಮುಂಚೆ

ಮಠ, ೧೪ ಅಕ್ಟೋಬರ್ ೧೯೫೬

ಪ್ರೀತಿಯ ಅಕ್ಕನಿಗೆ,

ದೇವರ ಶಾಂತಿ ನಿನ್ನ ಮೇಲೆಯೂ ಮನೆಯವರ ಮೇಲೆಯೂ ಇರಲಿ. ವರ್ಷಕ್ಕೆ ನಾಲ್ಕು ಸಲ ಮಾತ್ರ ನಾವು ಮನೆಗೆ ಬರೆಯಬಹುದು, ಇದು ಈ ವರ್ಷದ ಕೊನೆಯದು. ಎಂದಿನಂತೆ ಇದನ್ನೂ ಮಠಾಧಿಪತಿ ಫಾದರ್ ಓದಿಯೇ ಅಂಚೆಗೆ ಹಾಕುತ್ತಾರೆ. ನಿನ್ನ ಪತ್ರವನ್ನೂ ಮೊದಲು ಅವರೇ ಒಡೆಯುತ್ತಾರೆ. ಆದ್ದರಿಂದ ಹೋದ ಸಲದ ಹಾಗೆ ಅವರ ಗಡ್ಡದ ವಿಚಾರ ಬರೆಯಬೇಡ ಎಂದು ಕೇಳಿಕೊಳ್ಳುತ್ತೇನೆ.

ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚಿಕೊಂಡು ಏನು ಮಾಡುತ್ತೀರಿ ಎಂದು ಕೇಳಿದ್ದೆ. ಬಾಯಿ ಪೂರ್ತಿ ಮುಚ್ಚಿರುವುದಿಲ್ಲ. ದಿನಕ್ಕೆ ಹಲವು ಸಲ ಗುಡಿಯಲ್ಲಿ ಸೇರಿ ಕೀರ್ತನೆಗಳನ್ನು ಹಾಡುತ್ತೇವೆ. ಉಳಿದ ಹೊತ್ತು ಕೈಕೆಲಸ, ಓದು, ಧ್ಯಾನ. ನನ್ನನ್ನು ಬ್ರೆಡ್ ಒಲೆಗೆ ಹಾಕಿದ್ದಾರೆ. ನನ್ನ ಜೊತೆ ಒಬ್ಬ ವಯಸ್ಸಾದ ಬ್ರದರ್ ಇದ್ದಾರೆ, ನಾನು ಮನಸ್ಸಿನಲ್ಲೇ ಅವರನ್ನು ಒಲೆಯಜ್ಜ ಎಂದು ಕರೆಯುತ್ತೇನೆ. ಇಷ್ಟು ದಿನದಲ್ಲಿ ಅವರ ದನಿ ಕೀರ್ತನೆಯಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿಲ್ಲ.

ನಮ್ಮ ಪಂಗಡ ಹುಟ್ಟಿದ ಕಥೆ ನಮ್ಮ ಊಟದ ಕೋಣೆಯಲ್ಲಿ ಆಗಾಗ ಓದುತ್ತಾರೆ. ಹಲವು ನೂರು ವರ್ಷದ ಹಿಂದೆ, ಒಂದು ಶ್ರೀಮಂತ ಮಠದಲ್ಲಿ ಊಟವೂ ಮಾತೂ ಅತಿಯಾಯಿತು ಎಂದು ಬೆರಳೆಣಿಕೆಯ ಸನ್ಯಾಸಿಗಳು ಅಲ್ಲಿಂದ ಎದ್ದು ಬಂದರಂತೆ. ಯಾರಿಗೂ ಬೇಡವಾದ ಜೌಗು ನೆಲ ಅವರಿಗೆ ಸಿಕ್ಕಿತು. ಕಾಲುವೆ ತೋಡಿ ನೀರು ಬಸಿದರು, ಜ್ವರ ಬಂದು ಅರ್ಧ ಜನ ಸತ್ತರು. ಮೊದಲ ಚಳಿಗಾಲದಲ್ಲಿ ಮಾತಾಡಲು ಉಸಿರೇ ಇರಲಿಲ್ಲ. ಕಷ್ಟ ಕಳೆದ ಮೇಲೂ ಮಾತು ವಾಪಸ್ ಬೇಕು ಎಂದು ಯಾರಿಗೂ ಅನ್ನಿಸಲಿಲ್ಲವಂತೆ. ಬ್ರೆಡ್ಡು, ನೀರು, ಗುದ್ದಲಿ ಕೇಳಲು ಕೈಸನ್ನೆ ಮಾಡಿಕೊಂಡರು. ಅದೇ ಸನ್ನೆಗಳನ್ನು ನಾವು ಇವತ್ತಿಗೂ ಬಳಸುತ್ತೇವೆ.

ಇನ್ನೊಂದು ಪದ್ಧತಿ ಹೇಳಬೇಕು, ನನಗೆ ತುಂಬ ಹಿಡಿಸಿದ್ದು. ನಮ್ಮಲ್ಲಿ ಯಾರದಾದರೂ ತಾಯಿಯೋ ತಂದೆಯೋ ತೀರಿಕೊಂಡರೆ ಸುದ್ದಿ ಫಾದರ್‌ಗೆ ಬರುತ್ತದೆ. ಬೆಳಗಿನ ಸಭೆಯಲ್ಲಿ ಅವರು "ನಮ್ಮಲ್ಲೊಬ್ಬರ ತಾಯಿ ತೀರಿಕೊಂಡಿದ್ದಾರೆ" ಎಂದಷ್ಟೇ ಹೇಳುತ್ತಾರೆ. ಯಾರ ತಾಯಿ ಎಂದು ಹೇಳುವುದಿಲ್ಲ, ಸ್ವಂತ ಮಗನಿಗೂ ಹೇಳುವುದಿಲ್ಲ. ಎಲ್ಲರೂ ತಮ್ಮ ತಾಯಿಯೇ ಎಂದುಕೊಂಡು ಪ್ರಾರ್ಥಿಸುತ್ತಾರೆ. ಹೋದ ವಾರ ಹಾಗೊಂದು ಸುದ್ದಿ ಬಂತು. ನಮ್ಮ ಅಮ್ಮ ನಾನು ತೊಟ್ಟಿಲಲ್ಲಿದ್ದಾಗಲೇ ಹೋದವಳು, ಆದ್ದರಿಂದ ನಾನು ನೆಮ್ಮದಿಯಿಂದಲೇ ಪ್ರಾರ್ಥಿಸಿದೆ.

ಅಪ್ಪ ಈ ಆರು ವರ್ಷದಲ್ಲಿ ನನಗೆ ಒಂದು ಸಾಲೂ ಬರೆದಿಲ್ಲ. ಅವರಿಗಾಗಿ ಪ್ರಾರ್ಥಿಸುತ್ತೇನೆ ಎಂದು ಹೇಳು.

ಕ್ರಿಸ್ತನಲ್ಲಿ ನಿನ್ನ ಸಹೋದರ


ಮನೆ, ೨ ಡಿಸೆಂಬರ್ ೧೯೫೬

ಪೀಪಿ,

ಉಭಯ ಕುಶಲೋಪರಿ ಎಂದೆಲ್ಲ ಶುರು ಮಾಡುವುದು ನನ್ನ ಕೈಲಾಗದು. ಕ್ರಿಸ್ತನಲ್ಲಿ ಸಹೋದರ ಅಂತೆ. ನನ್ನ ಸೊಂಟದ ಮೇಲೆ ಕೂತು ನನ್ನ ಹೆಗಲಿಗೆ ಮೂಗು ಒರೆಸಿದ ತಮ್ಮ ನೀನು. ಮಾತು ಬಂದ ದಿನದಿಂದ ಊದುತ್ತಲೇ ಇದ್ದೆ ಎಂದು ಅಪ್ಪ ಪೀಪಿ ಎಂದು ಕರೆದರು, ನಾನೂ ಹಾಗೇ ಕರೆಯುತ್ತೇನೆ. ಫಾದರ್ ಓದಿದರೆ ಓದಲಿ. ನಮಸ್ಕಾರ ಫಾದರ್, ಗಡ್ಡದ ವಿಚಾರ ತಪ್ಪಾಯಿತು.

ನಿನಗೆ ಹಿಡಿಸಿದ ಆ ಪದ್ಧತಿ ನನಗೆ ಒಂಚೂರೂ ಹಿಡಿಸಲಿಲ್ಲ. ಹೆತ್ತವಳು ಹೋದದ್ದನ್ನು ಮಗನಿಗೇ ಹೇಳದಿರುವುದು ಯಾವ ಸೀಮೆ ನ್ಯಾಯ? ನಮ್ಮ ಹರಾಜು ಕಟ್ಟೆಯಲ್ಲಿ ಯಾರ ಮೂಟೆ ಎಂದು ಹೇಳದೆ ಕೂಗಿದರೆ ಕೊಳೆತ ಟೊಮೆಟೊ ಮುಖಕ್ಕೇ ಬೀಳುತ್ತೆ.

ಅಪ್ಪ ಚೆನ್ನಾಗಿದ್ದಾರೆ. ಗಂಟಲು ಸ್ವಲ್ಪ ಕೆಟ್ಟಿದೆ, ಕೂಗಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಅದಕ್ಕೆ ಈಗ ಮಾರ್ಕೆಟ್ಟಿನಲ್ಲಿ ಕಟ್ಟೆ ಹತ್ತಿ ಕೂಗುವವಳು ನಾನು. ಮೊದಲ ವಾರ ಎಲ್ಲರೂ ನಕ್ಕರು, ಎರಡನೇ ವಾರ ರೇಟು ಕೇಳಿದರು. ನಿನ್ನ ಭಾವ ತಕ್ಕಡಿ ಪಕ್ಕದಲ್ಲಿ ನಿಂತು, ಇವಳಿಗೆ ಮನೆಯಲ್ಲಿ ಅಭ್ಯಾಸ ಆಗಿದೆ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ನಿನ್ನ ಪತ್ರವನ್ನು ಅಪ್ಪ ಕೈಯಲ್ಲಿ ಮುಟ್ಟುವುದಿಲ್ಲ. ನಾನು ಅಡುಗೆಮನೆಯಲ್ಲಿ ನನ್ನಷ್ಟಕ್ಕೇ ಓದಿಕೊಳ್ಳುವವಳ ಹಾಗೆ ಗಟ್ಟಿಯಾಗಿ ಓದುತ್ತೇನೆ. ಹೊರಗೆ ಪೇಪರ್ ಮಗುಚುವ ಸದ್ದು ನಿಲ್ಲುತ್ತೆ. ಈ ಸಲ ಜೌಗು ನೆಲದ ಕಥೆ ಮುಗಿಯುವವರೆಗೂ ನಿಂತಿತ್ತು. "ಪ್ರಾರ್ಥಿಸುತ್ತೇನೆ ಎಂದು ಹೇಳು" ಎಂಬಲ್ಲಿ ಮತ್ತೆ ಶುರುವಾಯಿತು.

ನೀನು ಹೊರಟ ದಿನ ಅವರು ಬಾಗಿಲಲ್ಲಿ ನಿಂತು ಹೇಳಿದ್ದು ನಿನಗೆ ಮರೆತಿರಲಿಕ್ಕಿಲ್ಲ. "ಮಾತು ಮಾರಿ ನಿನ್ನನ್ನ ಸಾಕಿದೆ. ಈಗ ಆ ಮಾತೇ ಬೇಡ ಅಂತ ಹೋಗ್ತಿದ್ದೀಯ." ನನ್ನ ಗದ್ದಲ ತಾಳಲಾರದೆ ಮಗ ಓಡಿಹೋದ ಎಂದೇ ಅವರ ತಲೆಯಲ್ಲಿ ಕೂತಿದೆ. ಇಷ್ಟು ವರ್ಷ ನೀನು ಅಲ್ಲ ಎನ್ನಲಿಲ್ಲ. ಪ್ರಾರ್ಥನೆ ಇರಲಿ, ಅವರಿಗೆ ಬೇಕಾದದ್ದು ಒಂದು ಉತ್ತರ. ಈಗೀಗ ಅಪ್ಪ ಮಾತು ಕಮ್ಮಿ ಮಾಡಿದ್ದಾರೆ, ಮನೆ ಬಿಕೋ ಎನ್ನುತ್ತೆ. ಬೇಗ ಬರೆ.

ಅಕ್ಕ


ಮಠ, ೨೩ ಏಪ್ರಿಲ್ ೧೯೫೭

ಅಕ್ಕ,

ತಪಸ್ಸುಕಾಲದ ನಲವತ್ತು ದಿನ ಇಲ್ಲಿ ಪತ್ರ ಬರೆಯುವ ಹಾಗಿಲ್ಲ, ಬಂದದ್ದನ್ನೂ ಪಾಸ್ಖ ಹಬ್ಬ ಕಳೆಯುವವರೆಗೆ ಕೊಡುವುದಿಲ್ಲ. ನಿನ್ನೆ ಎಲ್ಲರಿಗೂ ಅಂಚೆ ಹಂಚಿದರು. ನಿನ್ನಿಂದ ಏನೂ ಇರಲಿಲ್ಲ. ಆಗ ನನ್ನ ಅನುಮಾನ ಗಟ್ಟಿಯಾಯಿತು. ಬರೆಯುವ ಶಕ್ತಿ ನಿನಗೆ ಎಲ್ಲಿಂದ ಬರಬೇಕು.

ಮಾರ್ಚ್ ನಡುವಿನಲ್ಲಿ ಒಂದು ಬೆಳಿಗ್ಗೆ ಫಾದರ್ ಸಭೆಯಲ್ಲಿ ಎದ್ದು ನಿಂತು, ನಮ್ಮಲ್ಲೊಬ್ಬರ ತಂದೆ ತೀರಿಕೊಂಡಿದ್ದಾರೆ ಎಂದರು. ನನಗೆ ಕೂಡಲೇ ನಿನ್ನ ಪತ್ರ ನೆನಪಾಯಿತು. ಗಂಟಲು ಕೆಟ್ಟಿದೆ, ಮಾತು ಕಮ್ಮಿ ಮಾಡಿದ್ದಾರೆ, ಕಟ್ಟೆ ಹತ್ತುವವಳು ನಾನು. ಅಪ್ಪ ಬದುಕಿದ್ದು ಕಟ್ಟೆ ಬಿಟ್ಟಿದ್ದಾರೆ ಎಂದರೆ ಏನರ್ಥ ಎಂದು ಡಿಸೆಂಬರಿನಲ್ಲೇ ನನಗೆ ಹೊಳೆಯಬೇಕಿತ್ತು. ಫಾದರ್ ಹತ್ತಿರ ಹೋಗಿ ಕೇಳಬಹುದಿತ್ತು. ಧೈರ್ಯ ಬರಲಿಲ್ಲ. ಅವತ್ತು ಹಿಟ್ಟು ನಾದಲು ಕೈ ಬಗ್ಗಲಿಲ್ಲ. ಒಲೆಯಜ್ಜ ನನ್ನನ್ನು ನೋಡಿದರು, ಬಿಸಿ ಬ್ರೆಡ್ಡಿನ ಅಂಚು ಮುರಿದು ನನ್ನ ಕೈಗಿಟ್ಟು ಪಕ್ಕದಲ್ಲಿ ಕೂತರು. ಆ ದಿನದ ಬ್ರೆಡ್ಡು ಸೀದು ಹೋಯಿತು.

ಈಗ ಅಪ್ಪನಿಗೆ ಹೇಳಲಾರದ್ದನ್ನು ನಿನಗೆ ಹೇಳುತ್ತೇನೆ, ಕೇಳು. ನಾನು ಅವರ ಗದ್ದಲಕ್ಕೆ ಹೆದರಿ ಬಂದವನಲ್ಲ. ಚಿಕ್ಕವನಿದ್ದಾಗ ಅವರು ನನ್ನನ್ನು ಕಟ್ಟೆಯ ಕೆಳಗೆ ಆಲೂಗಡ್ಡೆ ಮೂಟೆಗಳ ನಡುವೆ ಕೂರಿಸುತ್ತಿದ್ದರು. ಮೇಲಿಂದ ಅವರ ದನಿ ಬೀಳುತ್ತಿತ್ತು. ಮಾರ್ಕೆಟ್ಟಿನಲ್ಲಿ ಕೈಗಾಡಿ, ಲಾರಿ, ಜಗಳ ಎಲ್ಲ ಸೇರಿದರೂ ಅವರ ದನಿಯೇ ಮೇಲೆ. ಒಂದು ಸಾರಿ ಎನ್ನುತ್ತಿದ್ದರು. ಎರಡು ಸಾರಿ ಎನ್ನುತ್ತಿದ್ದರು. ಆಮೇಲೆ ಸುಮ್ಮನಾಗುತ್ತಿದ್ದರು. ಮೂರನೆಯದನ್ನು ಕೂಗುವ ಮುಂಚೆ ಒಂದು ಗಳಿಗೆ ಇಡೀ ಮಾರ್ಕೆಟ್ಟು ಉಸಿರು ಹಿಡಿದು ನಿಲ್ಲುತ್ತಿತ್ತು. ಮೂಟೆ ಹೊರುವವನು ಹೊತ್ತ ಹಾಗೇ ನಿಲ್ಲುತ್ತಿದ್ದ. ಆಗ ನನಗೆ ಯಾರೋ ಬಂದು ನಮ್ಮೆಲ್ಲರ ಮಧ್ಯೆ ನಿಂತ ಹಾಗೆ ಅನ್ನಿಸುತ್ತಿತ್ತು. ಯಾರು ಎಂದು ಗೊತ್ತಿರಲಿಲ್ಲ. ಅದು ಮುಗಿಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಮೂರು ಸಾರಿ ಎಂದು ಬಿಡುತ್ತಿದ್ದರು.

ನಾನು ಹುಡುಕಿಕೊಂಡು ಬಂದದ್ದು ಅದನ್ನೇ. ಇಲ್ಲಿ ಮೊದಲ ಸಲ ಗುಡಿಯಲ್ಲಿ ಕೂತಾಗ ಇದು ಅಪ್ಪನ ಕಟ್ಟೆಯ ನಿಶ್ಶಬ್ದ ಎಂದು ಗುರುತು ಸಿಕ್ಕಿತು. ಈ ಮಠ ಅದನ್ನು ನನಗೆ ಕಲಿಸಲಿಲ್ಲ, ಅಪ್ಪ ಕಲಿಸಿದರು. ಈಗ ಕೀರ್ತನೆ ಎತ್ತಿಕೊಡುವವನು ನಾನೇ. ಅವರ ದನಿ ನನಗೆ ಬಂದಿದೆ ಅಂತಲೇ ಆ ಕೆಲಸ ಕೊಟ್ಟಿದ್ದಾರೆ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ನಾವು ನಿಲ್ಲುತ್ತೇವೆ. ಎಷ್ಟು ಹೊತ್ತು ನಿಲ್ಲಬೇಕು ಎಂದು ಹೊಸಬರಿಗೆ ಹೇಳಿಕೊಡುವುದು ಕಷ್ಟ, ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಇಷ್ಟನ್ನು ಅವರ ಮುಂದೆ ನಿಂತು ಹೇಳಬೇಕಿತ್ತು. ಅವರು ಸಿಟ್ಟಿನಲ್ಲಿ ಒಂದು ಮಾತು ಅಂದರು, ನಾನು ಬಿಗುಮಾನದಲ್ಲಿ ಆರು ವರ್ಷ ಸುಮ್ಮನಿದ್ದೆ, ಅದಕ್ಕೆ ಮೌನ ಎಂದು ಹೆಸರಿಟ್ಟೆ. ಅಕ್ಕ, ಕೊನೆಗೆ ಅವರು ನನ್ನ ಹೆಸರು ಎತ್ತಿದರೇ? ಎತ್ತದಿದ್ದರೂ ಎತ್ತಿದರು ಎಂದು ಬರೆಯಬೇಡ.

ನಿನ್ನ ತಮ್ಮ


ಮನೆ, ೩ ಮೇ ೧೯೫೭

ಪೀಪಿ,

ಅಪ್ಪ ಬದುಕಿದ್ದಾರೆ. ಇದನ್ನು ಎರಡು ಸಲ ಓದು, ಆಮೇಲೆ ಮುಂದಕ್ಕೆ ಹೋಗು.

ಎಂಥ ಕೆಲಸ ಮಾಡಿದೆಯೋ. ನಲವತ್ತು ದಿನ ಪತ್ರ ಕೊಡುವುದಿಲ್ಲ ಎಂದು ನೀನೇ ಒಂದು ಸಲ ಹೇಳಿದ್ದೆ, ಸುಮ್ಮನೆ ಅಲ್ಲಿ ಹೋಗಿ ಬಿದ್ದಿರಲು ಯಾಕೆ ಎಂದು ನಾನು ಬರೆಯಲಿಲ್ಲ. ಅಷ್ಟಕ್ಕೇ ನೀನು ಅಪ್ಪನನ್ನು ಕಳಿಸಿಯೇ ಬಿಟ್ಟೆ.

ನಾನು ಮುಚ್ಚಿಟ್ಟದ್ದೂ ಇದೆ. ಹೋದ ಸೆಪ್ಟೆಂಬರಿನಲ್ಲಿ ಅಪ್ಪನಿಗೆ ಆಪರೇಷನ್ ಆಯಿತು. ಗಂಟಲಲ್ಲಿ ಹುಣ್ಣು, ದನಿಯ ಪೆಟ್ಟಿಗೆಯನ್ನೇ ತೆಗೆದರು. ಕತ್ತಿನಲ್ಲಿ ಒಂದು ತೂತು, ಉಸಿರು ಅಲ್ಲಿಂದಲೇ. ಮಫ್ಲರ್ ಸುತ್ತಿಕೊಂಡು ಮರೆಮಾಡುತ್ತಾರೆ. ಮಾತು ಕಮ್ಮಿ ಮಾಡಿದ್ದಾರೆ ಎಂದು ಬರೆದೆನಲ್ಲ, ಒಂದು ಮಾತೂ ಇಲ್ಲ ಪೀಪಿ. ನಿನಗೆ ತಿಳಿಸಬೇಡ ಎಂದು ಸ್ಲೇಟಿನ ಮೇಲೆ ಬರೆದು ಕೆಳಗೆ ಗೆರೆ ಎಳೆದರು. ನಾನು ಗೆದ್ದೆ ಎಂದು ಅವನು ಅಂದುಕೊಳ್ಳುತ್ತಾನೆ ಎಂಬ ಸಂಕಟ ಅವರಿಗೆ. ಸ್ಲೇಟನ್ನೂ ಕಂಡರಾಗದು. ನಾಲ್ಕು ಜನರ ಮುಂದೆ ಅದನ್ನು ಹಿಡಿಯಲು ನಾಚಿಕೆ, ಅದಕ್ಕೆ ಮನೆ ಬಿಟ್ಟು ಹೊರಗೆ ಹೋಗುವುದನ್ನೇ ನಿಲ್ಲಿಸಿದ್ದರು.

ಈಗ ನಿನ್ನ ಪತ್ರದ ಕಥೆ. ನಾನು ಎಂದಿನ ಹಾಗೆ ಗಟ್ಟಿಯಾಗಿ ಓದಲು ಶುರು ಮಾಡಿದೆ. ತಂದೆ ತೀರಿಕೊಂಡಿದ್ದಾರೆ ಎಂಬಲ್ಲಿ ಓದು ನಿಲ್ಲಿಸಿದೆ. ತಿರುಗಿ ನೋಡಿದರೆ ಅಪ್ಪ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಾರೆ. ಪತ್ರ ಸೆರಗಿನಲ್ಲಿ ಮುಚ್ಚಿಕೊಂಡೆ. ಅವರು ಸ್ಲೇಟಿನ ಮೇಲೆ ಬರೆದದ್ದು ಒಂದೇ ಪದ, ಓದು. ಓದಿದೆ. ಎರಡು ಸಾರಿ ಎಂಬಲ್ಲಿಗೆ ಬಂದಾಗ ಸ್ಟೂಲ್ ಎಳೆದುಕೊಂಡು ಕೂತರು. ಮುಗಿದ ಮೇಲೆ ಮೊದಲಿಂದ ಎಂದು ಬರೆದರು. ಎರಡನೇ ಸಲ ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಪೂರ್ತಿ ಉಕ್ಕಿ ಹೋಗಿತ್ತು. ಇಬ್ಬರೂ ಏಳಲಿಲ್ಲ.

ಆಮೇಲೆ ಅವರು ಬರೆದದ್ದನ್ನು ಇದ್ದ ಹಾಗೇ ಹಾಕುತ್ತೇನೆ: "ಅದು ಅವನಿಗೆ ಕೇಳಿಸ್ತಿತ್ತಾ? ನಾನು ಬೇಕು ಅಂತಲೇ ನಿಲ್ಲಿಸ್ತಿದ್ದೆ. ಯಾರಿಗೂ ತಿಳಿಯೋದಿಲ್ಲ ಅಂದ್ಕೊಂಡಿದ್ದೆ." ಅದನ್ನು ಒರೆಸಿದರು. ನಂತರ, ಸತ್ತವನಿಗೆ ಇಷ್ಟು ಚೆನ್ನಾಗಿ ಬರೆಯುತ್ತಾನೆ, ಇದ್ದಾಗ ಬರೆದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಬರೆದು ನನ್ನ ಕಡೆ ನೋಡಿ ನಕ್ಕರು. ನಗುವಿಗೂ ಈಗ ಸದ್ದಿಲ್ಲ, ಭುಜ ಮಾತ್ರ ಕುಲುಕುತ್ತೆ. ನನಗೆ ಅಳು ತಡೆಯಲಿಲ್ಲ.

ಸಂಜೆ ಇನ್ನೊಂದು ಪ್ರಶ್ನೆ ಬಂತು, ನಿನ್ನನ್ನೇ ಕೇಳಬೇಕಂತೆ. ಅಲ್ಲಿ ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಹೇಗೆ ಕೇಳುತ್ತೀರಿ?

ಅಕ್ಕ


ಮಠ, ೯ ಜೂನ್ ೧೯೫೭

ಅಕ್ಕ, ಅಪ್ಪ,

ಇಬ್ಬರಿಗೂ ಸೇರಿಸಿ ಬರೆಯುತ್ತಿದ್ದೇನೆ. ಮೊದಲ ಸಾಲನ್ನು ನಾನು ಎರಡಲ್ಲ, ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಓದಿ ಹಿಟ್ಟಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಅಪ್ಪ, ನಾನು ಗೆದ್ದೆ ಎಂದು ಯಾವತ್ತೂ ಅಂದುಕೊಳ್ಳಲಿಲ್ಲ. ನಿಮ್ಮ ದನಿ ಹೋಯಿತು ಎಂದು ತಿಳಿದ ದಿನ ನನಗೆ ಕೀರ್ತನೆ ಎತ್ತಿಕೊಡಲು ಆಗಲಿಲ್ಲ.

ಆಮೇಲೆ ಸಿಟ್ಟು ಬಂತು. ಮಠಾಧಿಪತಿ ಫಾದರ್ ಆ ಪತ್ರ ಓದಿದ್ದರು. ಸತ್ತದ್ದು ನನ್ನ ತಂದೆಯಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ಮಾತು ಹೇಳದೆ ಅಂಚೆಗೆ ಹಾಕಿದ್ದರು. ಹೋಗಿ ಕೇಳಿದೆ. ಅವರು ಗಡ್ಡ ನೀವಿಕೊಂಡು ಹೇಳಿದರು: "ತಡೆದಿದ್ರೆ ನೀನು ಅದನ್ನ ಹರಿದು ಹಾಕ್ತಿದ್ದೆ. ಆ ಪತ್ರ ಬದುಕಿರೋರಿಗೆ ಸೇರಬೇಕಾಗಿತ್ತು." ನಿನಗೆ ಅವರ ಗಡ್ಡದ ಬಗ್ಗೆ ಏನು ಬರೆಯಬೇಕೋ ಬರೆ ಅಕ್ಕ, ನನ್ನ ಅಡ್ಡಿಯಿಲ್ಲ.

ಹಾಗಾದರೆ ಹೋದವರು ಯಾರ ತಂದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಒಂದು ವಿಚಾರ ಮನಸ್ಸು ಬಿಟ್ಟು ಹೋಗುತ್ತಿಲ್ಲ. ನನಗೆ ಬ್ರೆಡ್ಡಿನ ಅಂಚು ಕೊಟ್ಟು ಸಮಾಧಾನ ಮಾಡಿದವರು, ನನ್ನ ಪಾಲಿನ ಪಾತ್ರೆ ತೊಳೆದವರು, ಇವರಲ್ಲೇ ಯಾರೋ ಒಬ್ಬರ ಅಪ್ಪ ಹೋಗಿದ್ದರು. ಅವರಿಗೆ ಅದು ಗೊತ್ತಿರಲಿಲ್ಲ. ಅವರ ಪಾಲಿನ ದುಃಖವನ್ನು ನಾನು ಪಟ್ಟೆ, ಅವರು ನನ್ನನ್ನು ನೋಡಿಕೊಂಡರು.

ಈಗ ಉಪ್ಪು. ಬಲಗೈಯ ಬೆರಳುಗಳನ್ನು ಹೆಬ್ಬೆರಳಿನ ತುದಿಗೆ ಉಜ್ಜಿ, ಚಿಟಿಕೆ ಉದುರಿಸುವ ಹಾಗೆ ಮಾಡಿ. ಬ್ರೆಡ್ಡಿಗೆ ಎರಡೂ ಕೈಯ ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಗೆ ಮಾಡಬೇಕು. ಹಾಲಿಗೆ ಕಿರುಬೆರಳನ್ನು ಹಿಡಿದು ಕರೆಯುವ ಹಾಗೆ ಎಳೆಯಬೇಕು. ಜೇನಿಗೆ ಬೆರಳು ನೆಕ್ಕಿದರಾಯಿತು. ಚೆನ್ನಾಗಿದೆ ಎನ್ನಲು ಗದ್ದವನ್ನು ಮೇಲಿಂದ ಕೆಳಗೆ ನೀವಬೇಕು. ಚೆನ್ನಾಗಿಲ್ಲ ಎನ್ನಲು ಬೆರಳುಗಳನ್ನು ಹಕ್ಕಿಯ ಉಗುರಿನ ಹಾಗೆ ಮಡಿಸಿ ಕೆನ್ನೆಯ ಮೇಲೆ ಇಡಬೇಕು. ತಂದೆ ಎನ್ನಲು ಎರಡು ಬೆರಳು ಹಣೆಗೆ. ಉಳಿದವನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ, ಒಲೆಯಜ್ಜ ಪಕ್ಕದಲ್ಲಿ ನಿಂತು ನನ್ನ ತಪ್ಪು ತಿದ್ದಿದರು. ಇವು ಜೌಗು ನೆಲದಲ್ಲಿ ಉಸಿರಿಲ್ಲದವರು ಮಾಡಿಕೊಂಡ ಸನ್ನೆಗಳು ಅಪ್ಪ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಿಮ್ಮ ಪೀಪಿ


ಮನೆ, ೨೫ ಆಗಸ್ಟ್ ೧೯೫೭

ಪೀಪಿ,

ನಿನ್ನ ಹಾಳೆ ನಮ್ಮ ಮನೆಯನ್ನು ಕೆಡಿಸಿಟ್ಟಿದೆ. ಊಟಕ್ಕೆ ಕೂತರೆ ಎಲ್ಲರ ಕೈಯೂ ಗಾಳಿಯಲ್ಲಿ. ನಿನ್ನ ಭಾವ ಮೊದಲೇ ಮಾತು ಕಮ್ಮಿ, ಈಗ ಪೂರ್ತಿ ಬಿಟ್ಟಿದ್ದಾರೆ. ಸಾರು ಹೇಗಿದೆ ಎಂದರೆ ಮಾವ ಅಳಿಯ ಇಬ್ಬರೂ ಒಟ್ಟಿಗೆ ಕೆನ್ನೆಗೆ ಉಗುರು ಹಾಕುತ್ತಾರೆ.

ಅಪ್ಪ ಸ್ಲೇಟನ್ನು ಕಪಾಟಿನ ಮೇಲೆ ಎಸೆದಿದ್ದಾರೆ. ನಿಮ್ಮ ಸನ್ಯಾಸಿಗಳ ಸನ್ನೆ ಅವರಿಗೆ ಸಾಲಲಿಲ್ಲ, ತಮ್ಮದೂ ಸೇರಿಸಿದ್ದಾರೆ. ದಲ್ಲಾಳಿಗೆ ಮೂಗು ತಿರುಚುವುದು. ನನಗೆ ಕಿವಿ ಮುಚ್ಚಿಕೊಳ್ಳುವುದು. ನಿನಗೊಂದು ಇದೆ, ಅದನ್ನು ಅವರೇ ಬಂದು ತೋರಿಸುತ್ತಾರಂತೆ.

ಹೋದ ತಿಂಗಳಿಂದ ಮತ್ತೆ ಮಾರ್ಕೆಟ್ಟಿಗೆ ಬರುತ್ತಿದ್ದಾರೆ. ಕಟ್ಟೆಯ ಮೇಲೆ ನಾನು ಕೂಗುತ್ತೇನೆ, ಅವರು ಪಕ್ಕದಲ್ಲಿ ಬೆರಳು ಎತ್ತಿ ನಿಲ್ಲುತ್ತಾರೆ. ಎರಡು ಸಾರಿ ಎಂದ ಮೇಲೆ ನಾನು ಅವಸರ ಮಾಡಿದರೆ ಅಂಗೈ ಅಡ್ಡ ಹಿಡಿಯುತ್ತಾರೆ. ಕೈ ಇಳಿಸುವವರೆಗೆ ನಾನು ಮೂರು ಎನ್ನುವ ಹಾಗಿಲ್ಲ. ಮೊದಲು ನನಗೆ ರೇಗುತ್ತಿತ್ತು. ಈಗ ಆ ಗಳಿಗೆಯಲ್ಲಿ ನಿನ್ನ ಆಲೂಗಡ್ಡೆ ಮೂಟೆ ನೆನಪಾಗುತ್ತೆ.

ವರ್ಷಕ್ಕೊಮ್ಮೆ ಮನೆಯವರು ಬಂದು ನೋಡಬಹುದು ಎಂದಿದ್ದೆ. ಅಕ್ಟೋಬರಿನಲ್ಲಿ ಬರುತ್ತೇವೆ. ಡಾಕ್ಟರು ಹೊಸದಾಗಿ ಏನೂ ಹೇಳಿಲ್ಲ.

ಅಕ್ಕ


ಮಠ, ೨೦ ಅಕ್ಟೋಬರ್ ೧೯೫೭

ಅಕ್ಕ,

ನೀವು ಸುರಕ್ಷಿತವಾಗಿ ಮನೆ ಸೇರಿದಿರಿ ಎಂದುಕೊಂಡಿದ್ದೇನೆ. ಭೇಟಿಯ ಕೋಣೆಯಲ್ಲಿ ನೀನು ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತು ತೋಟ ನೋಡುವವಳ ಹಾಗೆ ಇದ್ದೆ. ಅಲ್ಲಿಂದ ತೋಟ ಕಾಣುವುದಿಲ್ಲ, ಗೋಡೆ ಮಾತ್ರ ಕಾಣುತ್ತೆ.

ಅಪ್ಪ ಒಳಗೆ ಬಂದವರೇ ಮುಷ್ಟಿ ಕಟ್ಟಿ ಬಾಯಿಗೆ ಇಟ್ಟುಕೊಂಡು ಕೆನ್ನೆ ಉಬ್ಬಿಸಿದರು. ಪೀಪಿ ಊದುವ ಸನ್ನೆ. ಅವರ ಉಸಿರು ಈಗ ಬಾಯಿಗೆ ಬರುವುದೇ ಇಲ್ಲ, ಆದರೂ ಎಷ್ಟು ಜೋರಾಗಿ ಕರೆದರು ನೋಡಿದೆಯಾ. ನಾನು ಎರಡು ಬೆರಳು ಹಣೆಗೆ ಮುಟ್ಟಿಸಿದೆ. ಆಮೇಲೆ ಅವರು ನನ್ನ ಕೈ ಹಿಡಿದು ಅಂಗೈ ತಿರುಗಿಸಿ ಒಲೆಯ ಸುಟ್ಟ ಗಾಯಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಚೆನ್ನಾಗಿದೆ ಎಂದು ಗದ್ದ ನೀವಿಕೊಂಡರು.

ಕೊನೆಗೆ ಒಂದು ಬೆರಳು ಎತ್ತಿದರು. ಎರಡು ಎತ್ತಿದರು. ಹಾಗೇ ಹಿಡಿದುಕೊಂಡು ನನ್ನನ್ನೇ ನೋಡುತ್ತ ಕೂತರು. ನಾನೂ ಕೂತೆ. ಹೋಗುವ ಗಂಟೆ ಹೊಡೆಯುವವರೆಗೂ ಅವರು ಮೂರನೆಯದನ್ನು ಎತ್ತಲಿಲ್ಲ. ಚಿಕ್ಕವನಿದ್ದಾಗ ಮುಗಿಯದಿರಲಿ ಎಂದು ಬೇಡುತ್ತಿದ್ದೆನಲ್ಲ, ಅದನ್ನು ಅವರು ನನಗೆ ಕೊಟ್ಟುಹೋದರು. ಇಷ್ಟು ವರ್ಷದ ಪ್ರಾರ್ಥನೆಯಲ್ಲಿ ನನಗೆ ಆ ಗಳಿಗೆಯಂಥದ್ದು ಸಿಕ್ಕಿರಲಿಲ್ಲ.

ಬಸ್ಸಿನ ಸುಸ್ತಿಗೆ ಸೊರಗಿದ್ದಾರೆ ಎಂದು ನೀನು ಹೇಳಿದೆ. ಆಗಲಿ. ನೀನು ಬೇರೆ ಏನನ್ನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಕೋಟು ಹೆಗಲಿನಿಂದ ಜಾರುತ್ತಿತ್ತು.

ಪೀಪಿ


ಮನೆ, ೧೫ ಡಿಸೆಂಬರ್ ೧೯೫೭

ಪೀಪಿ,

ಅಪ್ಪ ಚೆನ್ನಾಗಿದ್ದಾರೆ. ಜೇನಿನ ಸನ್ನೆ ಮಾಡಿದ್ದಾರೆ, ನಿಮ್ಮ ಮಠದಿಂದ ತಂದ ಸೀಸೆ ಮುಗಿಯಿತು ಎಂದು. ಕಟ್ಟೆಯಲ್ಲಿ ಕೆಲಸ ಜಾಸ್ತಿ, ಈ ಸಲ ಇಷ್ಟೇ.

ಅಕ್ಕ


ಮನೆ, ೪ ಮಾರ್ಚ್ ೧೯೫೮

ಪೀಪಿ,

ನಿನಗೆ ಗೊತ್ತಾಗಿರುತ್ತೆ, ಆದರೆ ಗೊತ್ತಾಗಿರುವುದಿಲ್ಲ. ನಿಮ್ಮ ಫಾದರ್‌ಗೆ ಬೆಳಿಗ್ಗೆಯೇ ತಂತಿ ಕೊಟ್ಟೆ. ಈ ಪತ್ರ ಪಾಸ್ಖದವರೆಗೆ ಅವರ ಮೇಜಿನಲ್ಲಿ ಬಿದ್ದಿರುತ್ತೆ. ಮಗನಿಗೆ ಈಗಲೇ ಹೇಳಿ ಎಂದು ತಂತಿಯಲ್ಲಿ ಸೇರಿಸಬೇಕು ಎಂದು ಅಂಚೆ ಕಚೇರಿಯ ಕಟಕಟೆ ಮುಂದೆ ಪೆನ್ನು ಹಿಡಿದು ನಿಂತಿದ್ದೆ. ಅಪ್ಪನನ್ನು ಅಷ್ಟು ಜನ ಗಂಡುಮಕ್ಕಳು ತಮ್ಮ ಅಪ್ಪ ಎಂದುಕೊಂಡು ಅಳುತ್ತಾರೆ ಎಂದು ನೆನಪಾಯಿತು. ಸೇರಿಸಲಿಲ್ಲ. ಇಲ್ಲಿ ಅಳಲು ನಾನು ಮತ್ತು ನಿನ್ನ ಭಾವ ಇಬ್ಬರೇ. ಯಾವ ಸೀಮೆ ನ್ಯಾಯ ಎಂದು ಕೇಳಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಂಡೆ.

ಹುಣ್ಣು ಹೋದ ಆಗಸ್ಟಿನಲ್ಲೇ ಮರಳಿತ್ತು. ಅಪ್ಪನಿಗೂ ಗೊತ್ತಿತ್ತು. ಹೇಳಬೇಡ ಎಂದು ಅವರು ಸನ್ನೆ ಮಾಡಲಿಲ್ಲ, ಈ ಸಲ ನಾನೇ ಮುಚ್ಚಿಟ್ಟೆ. ಆ ಭೇಟಿ ಭೇಟಿಯ ಹಾಗೆ ಇರಲಿ, ಬೀಳ್ಕೊಡುಗೆ ಆಗುವುದು ಬೇಡ ಎಂದು.

ನೀನು ಒಮ್ಮೆ ಕೇಳಿದ್ದೆ, ಕೊನೆಗೆ ನನ್ನ ಹೆಸರು ಎತ್ತಿದರೇ ಎಂದು. ಎತ್ತದಿದ್ದರೆ ಸುಳ್ಳು ಬರೆಯಬೇಡ ಎಂದಿದ್ದೆ. ನಿನ್ನೆ ಸಂಜೆ ಮುಷ್ಟಿ ಬಾಯಿಗೆ ಇಟ್ಟುಕೊಂಡರು. ಕೆನ್ನೆ ಉಬ್ಬಿಸಲು ಆಗಲಿಲ್ಲ. ನಾನು ಬರೆಯುತ್ತಿರುವುದು ನಿಜ. ಬೆಳಗಿನ ಜಾವ ಒಂದು ಬೆರಳು ಎತ್ತಿದರು, ಎರಡು ಎತ್ತಿದರು, ಅಂಗೈ ನನ್ನ ಕಡೆ ಅಡ್ಡ ಹಿಡಿದರು. ಅವಸರ ಮಾಡಬೇಡ ಎಂದು. ನಾನು ಮಾಡಲಿಲ್ಲ. ಕೈ ತಾನಾಗಿ ಇಳಿಯಿತು.

ಇವತ್ತು ಮಾರ್ಕೆಟ್ಟು ಮುಚ್ಚಿದ್ದರು. ಕಟ್ಟೆಯ ಹತ್ತಿರ ಹೋಗಿ ನಿಂತೆ. ಮೂರು ಸಾರಿ ಎನ್ನಲು ನನ್ನಿಂದ ಆಗಲಿಲ್ಲ, ನಿನಗೆ ಬಿಟ್ಟಿದ್ದೇನೆ.

ಅಕ್ಕ


ಮಠ, ೮ ಏಪ್ರಿಲ್ ೧೯೫೮

ಅಕ್ಕ,

ಪಾಸ್ಖ ಕಳೆಯಿತು. ಇವತ್ತು ಅಂಚೆ ಹಂಚಿದರು. ನಿನ್ನ ಪತ್ರ ಮೇಜಿನ ಮೇಲಿದೆ. ಫಾದರ್ ಕವರು ಒಡೆದಿದ್ದಾರೆ, ಹಾಳೆ ಮಡಿಸಿದ ಹಾಗೇ ಇದೆ. ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. ಅದನ್ನು ಓದುವ ಮುಂಚೆ ನಿನಗೆ ಬರೆಯಬೇಕು ಎಂದು ಕೂತಿದ್ದೇನೆ. ಓದಿದ ಮೇಲೆ ಬರೆದರೆ ಬೇರೆಯದೇ ಆಗಿಬಿಡುತ್ತೆ.

ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಫಾದರ್, ನಮ್ಮಲ್ಲೊಬ್ಬರ ತಂದೆ ತೀರಿಕೊಂಡಿದ್ದಾರೆ ಎಂದರು. ಈ ಸಲ ನಾನು ಲೆಕ್ಕ ಹಾಕಲಿಲ್ಲ, ನಿನ್ನ ಡಿಸೆಂಬರಿನ ಪತ್ರ ತೆಗೆದು ಸಾಲುಗಳ ನಡುವೆ ಹುಡುಕಲಿಲ್ಲ. ಕೇಳಲೂ ಹೋಗಲಿಲ್ಲ. ನನ್ನ ತಂದೆ ಎಂದುಕೊಂಡು ಪ್ರಾರ್ಥಿಸಿದೆ, ಅಷ್ಟು ಮಾತ್ರ.

ಅವತ್ತು ಒಲೆಯ ಮುಂದೆ ಒಲೆಯಜ್ಜ ಅಳುತ್ತ ಕೂತಿದ್ದರು. ಅವರ ತಂದೆ ಬದುಕಿರಲು ಸಾಧ್ಯವೇ ಇಲ್ಲ, ಅವರಿಗೇ ಎಂಬತ್ತು ದಾಟಿದೆ. ಆದರೂ ಸ್ವಂತ ಅಪ್ಪನಿಗೆ ಅಳುವ ಹಾಗೆ ಅಳುತ್ತಿದ್ದರು. ನಾನು ಬಿಸಿ ಬ್ರೆಡ್ಡಿನ ಅಂಚು ಮುರಿದು ಅವರ ಕೈಗಿಟ್ಟು ಪಕ್ಕದಲ್ಲಿ ಕೂತೆ. ಅವರ ಬೆನ್ನು ಸವರಿದೆ. ಯಾರ ಅಪ್ಪನೋ, ಒಳ್ಳೆಯವರಿರಬೇಕು ಎಂದುಕೊಂಡೆ. ಅವತ್ತು ಬ್ರೆಡ್ಡು ಸೀಯಲಿಲ್ಲ.

ಸಂಜೆ ಕೀರ್ತನೆ ಎತ್ತಿಕೊಟ್ಟವನು ನಾನೇ. ಮೊದಲ ಸಾಲು ಮುಗಿದ ಮೇಲೆ ನಿಲ್ಲುವಷ್ಟು ನಿಂತೆ, ಎರಡನೇ ಸಾಲು ಎತ್ತಲು ಮನಸ್ಸಾಗಲಿಲ್ಲ. ಎಲ್ಲರೂ ಕಾದರು. ಫಾದರ್ ತಲೆ ಎತ್ತಿ ನನ್ನ ಕಡೆ ನೋಡಿದರು, ಮತ್ತೆ ಬಗ್ಗಿಸಿಕೊಂಡರು. ಅಷ್ಟು ಉದ್ದದ ನಿಶ್ಶಬ್ದ ನಮ್ಮ ಗುಡಿಯಲ್ಲಿ ಯಾವತ್ತೂ ಆಗಿರಲಿಲ್ಲ. ಅಪ್ಪ ಇದ್ದಿದ್ದರೆ ಗದ್ದ ನೀವಿಕೊಳ್ಳುತ್ತಿದ್ದರು.

ನೋಡು, ಇದ್ದಿದ್ದರೆ ಎಂದು ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ, ಇರಲಿ.

ಒಳಗೆ ಏನೇ ಇದ್ದರೂ ನೀನು ಒಬ್ಬಳೇ ಅತ್ತೆ ಎಂದುಕೊಳ್ಳಬೇಡ. ಇಲ್ಲಿ ಮೂವತ್ತು ಗಂಡುಮಕ್ಕಳು ಆ ದಿನ ಅಪ್ಪನನ್ನು ಕಳಿಸಿಕೊಟ್ಟೆವು.

ಹಾಳೆ ಕೈಗೆತ್ತಿಕೊಂಡಿದ್ದೇನೆ. ಒಂದು ಸಾರಿ. ಎರಡು ಸಾರಿ.

ಇನ್ನೊಂದು ಗಳಿಗೆ ಹೀಗೇ ಕೂತಿದ್ದು ಬಿಚ್ಚುತ್ತೇನೆ.

ಪೀಪಿ